ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ವಿಭಾಗದಲ್ಲಿ ವೀಕ್ಷಕ ವೈದ್ಯನಾಗಿ: ನನ್ನ ಅನುಭವ

ಎಂಬಿಬಿಎಸ್ ಮುಗಿಸಿ, ಅಮೆರಿಕದಲ್ಲಿ ಗ್ಯಾಸ್ಟ್ರೋಎಂಟರಾಲಜಿಸ್ಟ್ (ಜೀರ್ಣಾಂಗ ರೋಗಗಳ ತಜ್ಞ) ಆಗಬೇಕೆಂದು ಹೊರಡುವ ನಮ್ಮ ಕಡೆಯ ವೈದ್ಯರು ಮೊದಲಿಗೆ ಅಲ್ಲಿನ ದಾರಿಯನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಅಲ್ಲಿ ಈ ವಿಭಾಗಕ್ಕೆ ನೇರ ಪ್ರವೇಶವಿಲ್ಲ. ಮೊದಲು 3 ವರ್ಷಗಳ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ (ಸಾಮಾನ್ಯ ವೈದ್ಯಕೀಯದ ಸ್ನಾತಕೋತ್ತರ ತರಬೇತಿ), ಆಮೇಲೆ ಮತ್ತೊಂದು ಮ್ಯಾಚ್ (ಅಭ್ಯರ್ಥಿಗಳಿಗೆ ಸ್ಥಾನ ಹಂಚುವ ಪ್ರಕ್ರಿಯೆ), ಅದರಲ್ಲಿ ಸ್ಥಾನ ಸಿಕ್ಕರೆ 3 ವರ್ಷಗಳ ಫೆಲೋಶಿಪ್ (ಉಪವಿಭಾಗದ ತರಬೇತಿ). ಆದ್ದರಿಂದ ಯುಎಸ್‌ಎಂಎಲ್‌ಇ (ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆ) ಬರೆಯುವ ಹಂತದಲ್ಲಿ ನಾವು ಗಳಿಸುವ ಅನುಭವವನ್ನು ತೂಗಿ ನೋಡುವವರು ಮೆಡಿಸಿನ್ ವಿಭಾಗದ ಆಯ್ಕೆದಾರರೇ ಹೊರತು ಎಂಡೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಇಳಿಸಿ ಒಳಗಿನದನ್ನು ನೋಡುವ ಪರೀಕ್ಷೆ) ತಜ್ಞರಲ್ಲ. ಕರ್ನಾಟಕದ ಸರ್ಕಾರಿ ಕಾಲೇಜೊಂದರಲ್ಲಿ ಓದಿದ ನಾನು ಮಿಷಿಗನ್ ರಾಜ್ಯದ ಒಂದು ಬೋಧನಾ ಆಸ್ಪತ್ರೆಯಲ್ಲಿ ಮೊದಲು ಮೆಡಿಸಿನ್ ವಾರ್ಡಿನಲ್ಲಿ, ನಂತರ ಜಿಐ ಕನ್ಸಲ್ಟ್ ತಂಡದಲ್ಲಿ (ಇತರ ವಾರ್ಡುಗಳು ಕರೆದಾಗ ಬಂದು ಸಲಹೆ ನೀಡುವ ಜೀರ್ಣಾಂಗ ತಜ್ಞರ ತಂಡ) ಆಬ್ಸರ್ವರ್‌ಶಿಪ್, ಅಂದರೆ ವೀಕ್ಷಕನಾಗಿ ಕಲಿಕೆ, ಮಾಡಿದೆ. ಈ ಕ್ರಮವೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ವಾರ್ಡಿನ ಕೆಲಸ ಅರ್ಥವಾಗದವನಿಗೆ ಕನ್ಸಲ್ಟ್ ತಂಡವನ್ನು ಯಾರು, ಯಾವಾಗ, ಏಕೆ ಕರೆಯುತ್ತಾರೆ ಎಂಬುದೇ ತಿಳಿಯುವುದಿಲ್ಲ.

ಪದವಿ ಪಡೆಯುವ ಮುನ್ನವೇ ಹೋಗಲು ಸಾಧ್ಯವಿರುವವರು ಎಲೆಕ್ಟಿವ್ (ವಿದ್ಯಾರ್ಥಿಯಾಗಿ ಮಾಡುವ ಅಲ್ಪಾವಧಿ ತರಬೇತಿ) ಹುಡುಕುವುದು ಒಳ್ಳೆಯದು. ಮೇಲ್ವಿಚಾರಣೆಯಲ್ಲಿ ರೋಗಿಯನ್ನು ಮುಟ್ಟಿ ಪರೀಕ್ಷಿಸುವ ಅವಕಾಶ ಸಾಮಾನ್ಯವಾಗಿ ಸಿಗುವುದು ವಿದ್ಯಾರ್ಥಿಗಳಿಗೆ ಮಾತ್ರ. ಪದವಿ ಮುಗಿದವರಿಗೆ ಹೆಚ್ಚಾಗಿ ಉಳಿಯುವುದು ಆಬ್ಸರ್ವರ್‌ಶಿಪ್. ಅಲ್ಲಿ ನೋಡಬಹುದು, ಕೇಳಬಹುದು, ಚರ್ಚಿಸಬಹುದು, ಆದರೆ ಹೊಟ್ಟೆಯ ಮೇಲೆ ಕೈ ಇಡುವಂತಿಲ್ಲ, ಕೇಸ್ ಶೀಟಿನಲ್ಲಿ ಒಂದಕ್ಷರ ಬರೆಯುವಂತಿಲ್ಲ. ಈ ಮಿತಿಯನ್ನು ಆಸ್ಪತ್ರೆಗಳು ಬಹಳ ಗಂಭೀರವಾಗಿ ಪಾಲಿಸುತ್ತವೆ, ನಾವೂ ಪಾಲಿಸಬೇಕು. ವೀಸಾ ಸಂದರ್ಶನದಲ್ಲಿಯೂ ಆಹ್ವಾನ ಪತ್ರವನ್ನು ತೋರಿಸಿ, ಚಿಕಿತ್ಸೆ ನೀಡಲು ಹೋಗುತ್ತಿಲ್ಲವೆಂಬುದನ್ನು ನೇರವಾಗಿ ಹೇಳುವುದೇ ಕ್ಷೇಮ.

ಕಾಗದಪತ್ರಗಳ ವಿಷಯದಲ್ಲಿ ಲಸಿಕೆಯ ದಾಖಲೆಗಳು ಅನೇಕರನ್ನು ತಡೆದು ನಿಲ್ಲಿಸುತ್ತವೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದೇನೆ ಎಂದರೆ ಸಾಲದು. ರಕ್ತಪರೀಕ್ಷೆಯಲ್ಲಿ ಆ್ಯಂಟಿಬಾಡಿ ಮಟ್ಟ 10 mIU/mLಗಿಂತ ಕಡಿಮೆಯಿದ್ದರೆ ಮತ್ತೆ ಡೋಸ್ ಹಾಕಿಸಿಕೊಳ್ಳಬೇಕಾಗುತ್ತದೆ, ಮೂರು ಡೋಸ್‌ಗಳ ಸಾಮಾನ್ಯ ಕ್ರಮ ಮುಗಿಯಲು 6 ತಿಂಗಳು ಬೇಕು. ಕ್ಷಯದ ಪರೀಕ್ಷೆಯಂತೂ ನಮಗೆ ವಿಶೇಷ. ಹುಟ್ಟಿದೊಡನೆ ಬಿಸಿಜಿ (ಕ್ಷಯದ ಲಸಿಕೆ) ಹಾಕಿಸಿಕೊಂಡ ನಮ್ಮಲ್ಲಿ ಚರ್ಮದ ಮೇಲೆ ಮಾಡುವ ಮಾಂಟೂ ಪರೀಕ್ಷೆ ಸೋಂಕಿಲ್ಲದೆಯೂ ಪಾಸಿಟಿವ್ ಬರಬಹುದು. ಬಿಸಿಜಿಯಿಂದ ಪ್ರಭಾವಿತವಾಗದ ಇಗ್ರಾ ರಕ್ತಪರೀಕ್ಷೆಯನ್ನು ಬೆಂಗಳೂರಿನಲ್ಲಿಯೇ ಮಾಡಿಸಿಕೊಂಡು ಹೊರಡುವುದು ಮೇಲು.

ಜಿಐ ಕನ್ಸಲ್ಟ್ ತಂಡದ ದಿನ ಫೆಲೋನ (ಫೆಲೋಶಿಪ್ ಮಾಡುತ್ತಿರುವ ವೈದ್ಯ) ಪೇಜರಿನಿಂದ ಆರಂಭವಾಗುತ್ತದೆ. ಅತಿ ಹೆಚ್ಚು ಕರೆಗಳು ರಕ್ತಸ್ರಾವಕ್ಕೆ ಸಂಬಂಧಿಸಿದವು: ಕಪ್ಪು ಮಲ, ಇಳಿದ ಹಿಮೋಗ್ಲೋಬಿನ್, ಜೊತೆಗೆ ಹೃದಯದ ತೊಂದರೆಗಾಗಿ ತೆಗೆದುಕೊಳ್ಳುತ್ತಿರುವ ರಕ್ತ ತೆಳುವಾಗಿಸುವ ಮಾತ್ರೆ. ಅಟೆಂಡಿಂಗ್ (ತಂಡದ ಹೊಣೆ ಹೊತ್ತ ಹಿರಿಯ ವೈದ್ಯರು) ಮೊದಲು ಕೇಳುವ ಪ್ರಶ್ನೆ, ರಕ್ತಸ್ರಾವದ ಅಪಾಯವನ್ನು ಅಳೆಯುವ ಗ್ಲಾಸ್ಗೋ-ಬ್ಲಾಚ್‌ಫೋರ್ಡ್ ಅಂಕ ಎಷ್ಟು ಎಂಬುದು. ಯೂರಿಯಾ, ಹಿಮೋಗ್ಲೋಬಿನ್, ರಕ್ತದೊತ್ತಡ, ನಾಡಿ, ಕಪ್ಪು ಮಲ, ಪ್ರಜ್ಞೆ ತಪ್ಪಿದ್ದು, ಯಕೃತ್ತಿನ ಹಾಗೂ ಹೃದಯದ ಕಾಯಿಲೆ, ಇವುಗಳ ಆಧಾರದ ಮೇಲೆ ಬರುವ ಅಂಕ 0 ಅಥವಾ 1 ಆಗಿದ್ದರೆ ರೋಗಿಯನ್ನು ಮನೆಗೆ ಕಳಿಸಿ ಹೊರರೋಗಿಯಾಗಿ ನೋಡಬಹುದು. ದಾಖಲಾದವರಿಗೆ 24 ಗಂಟೆಗಳೊಳಗೆ ಎಂಡೋಸ್ಕೋಪಿ. ನಮ್ಮ ಆಸ್ಪತ್ರೆಗಳಲ್ಲಿ ಹಿರಿಯರು ಇದೇ ತೀರ್ಮಾನವನ್ನು ರೋಗಿಯ ಮುಖ ನೋಡಿ ಮಾಡುವುದನ್ನು ನಾನು ಕಂಡಿದ್ದೇನೆ, ಮತ್ತು ಅದು ಬಹುಪಾಲು ಸರಿಯಾಗಿಯೇ ಇರುತ್ತಿತ್ತು. ಆದರೆ ಇಲ್ಲಿ ಆ ತೀರ್ಮಾನದ ಹಿಂದಿನ ತರ್ಕವನ್ನು ಬಾಯಿಬಿಟ್ಟು ಹೇಳಬೇಕು. ಪ್ರತಿದಿನ ಸಂಜೆ ಮರುದಿನದ ರೋಗಿಗಳಲ್ಲಿ ಒಬ್ಬರನ್ನು ಆರಿಸಿಕೊಂಡು, ಅವರ ಸ್ಥಿತಿಯನ್ನು ಒಂದೇ ವಾಕ್ಯದಲ್ಲಿ ಹೇಳಿ, ನಂತರ ಮುಂದೇನು, ಏಕೆ ಎಂದು ಎರಡು ನಿಮಿಷಗಳಲ್ಲಿ ಮುಗಿಸುವುದನ್ನು ಅಭ್ಯಾಸ ಮಾಡಿದೆ. ರೌಂಡ್ಸ್ ಮುಗಿದ ಮೇಲೆ ಫೆಲೋ ಬಿಡುವಾಗಿದ್ದಾಗ ಅದನ್ನು ಅವರ ಮುಂದೆ ಒಪ್ಪಿಸುತ್ತಿದ್ದೆ. ಕೈಗೆ ಕೆಲಸವಿಲ್ಲದ ವೀಕ್ಷಕನಿಗೆ ತನ್ನ ಯೋಚನೆಯನ್ನು ಇನ್ನೊಬ್ಬರಿಗೆ ಕಾಣಿಸಲು ಇದಕ್ಕಿಂತ ಉತ್ತಮ ಮಾರ್ಗ ನನಗೆ ಸಿಗಲಿಲ್ಲ.

ಎಂಡೋಸ್ಕೋಪಿ ಕೋಣೆಯ ಶಿಸ್ತು ನನ್ನನ್ನು ಬಹಳವಾಗಿ ಸೆಳೆಯಿತು. ಸಾಮಾನ್ಯ ಅಪಾಯದವರಿಗೂ 45ನೇ ವಯಸ್ಸಿನಿಂದ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ ಆರಂಭಿಸಬೇಕೆಂಬ ಶಿಫಾರಸು 2021ರಲ್ಲಿ ಬಂದಿದ್ದರಿಂದ, ಯಾವ ತೊಂದರೆಯೂ ಇಲ್ಲದವರು ಕೊಲೊನೋಸ್ಕೋಪಿಗಾಗಿ ಸಾಲಾಗಿ ಬರುತ್ತಾರೆ; ನೋವು, ರಕ್ತ ಅಥವಾ ತೂಕ ಇಳಿದ ಮೇಲಷ್ಟೇ ಕೊಳವೆ ಇಳಿಸುವುದನ್ನು ನೋಡಿ ಬಂದ ನನಗೆ ಇದು ಹೊಸತು. ಆರಂಭಕ್ಕೆ ಮುನ್ನ ಎಲ್ಲರೂ ಕೈ ನಿಲ್ಲಿಸುತ್ತಾರೆ. ನರ್ಸ್ ರೋಗಿಯ ಹೆಸರು, ಹುಟ್ಟಿದ ದಿನಾಂಕ, ಮಾಡಲಿರುವ ಪರೀಕ್ಷೆ, ಅಲರ್ಜಿಗಳನ್ನು ಗಟ್ಟಿಯಾಗಿ ಓದುತ್ತಾರೆ. ಸ್ಕೋಪ್ ಸೀಕಮ್ (ದೊಡ್ಡ ಕರುಳಿನ ಆರಂಭದ ಭಾಗ) ತಲುಪಿದಾಗ ಅಪೆಂಡಿಕ್ಸಿನ ಬಾಯಿಯ ಚಿತ್ರ ತೆಗೆದು, ಅಲ್ಲಿಂದ ಹಿಂದಕ್ಕೆ ಎಳೆಯುವ ಸಮಯವನ್ನು ಗಡಿಯಾರ ಹಿಡಿದು ದಾಖಲಿಸುತ್ತಾರೆ. ಕರುಳಿನ ಸ್ವಚ್ಛತೆಗೆ ಮೂರು ಭಾಗಗಳಲ್ಲಿ ತಲಾ 3ರಂತೆ ಒಟ್ಟು 9 ಅಂಕ. ವೈದ್ಯರು ಎಷ್ಟು ಜನರಲ್ಲಿ ಅಡಿನೋಮಾ (ಮುಂದೆ ಕ್ಯಾನ್ಸರ್ ಆಗಬಲ್ಲ ಗಂಟು) ಪತ್ತೆ ಮಾಡುತ್ತಾರೆ ಎಂಬುದಕ್ಕೂ ಲೆಕ್ಕವಿದೆ. 2024ರಲ್ಲಿ ವೃತ್ತಿ ಸಂಘಗಳು ಆ ಗುರಿಯನ್ನು ಶೇ. 35ಕ್ಕೆ ಏರಿಸಿದವು. ತನ್ನ ಕೈಚಳಕವನ್ನು ಪರೀಕ್ಷೆಗೆ ಒಡ್ಡಿಕೊಳ್ಳುವ ಈ ಪದ್ಧತಿಯನ್ನು ನಮ್ಮಲ್ಲಿಯೂ ತರಬೇಕೆಂಬ ಆಸೆ ನನಗೆ ಆಗ ಮೂಡಿತು.

ನಾವು ಅಲ್ಲಿಗೆ ಬರಿಗೈಯಲ್ಲಿ ಹೋಗುವುದಿಲ್ಲ ಎಂಬುದನ್ನು ಒಬ್ಬ ರೋಗಿಯ ವಿಷಯದಲ್ಲಿ ಕಂಡುಕೊಂಡೆ. ದಕ್ಷಿಣ ಏಷ್ಯಾದಿಂದ ವಲಸೆ ಬಂದಿದ್ದ ಯುವಕರೊಬ್ಬರ ಸಣ್ಣ ಕರುಳಿನ ಕೊನೆಯಲ್ಲಿ ಹುಣ್ಣುಗಳಿದ್ದವು. ತಂಡ ಕ್ರೋನ್ಸ್ ಕಾಯಿಲೆಯನ್ನು (ಸೋಂಕಿಲ್ಲದೆ ಕರುಳು ದೀರ್ಘಕಾಲ ಉರಿಯೂತಕ್ಕೆ ಒಳಗಾಗುವ ರೋಗ) ಮುಂದಿಟ್ಟುಕೊಂಡು ಚರ್ಚಿಸುತ್ತಿತ್ತು. ಅಭಿಪ್ರಾಯ ಕೇಳಿದಾಗ ನಾನು ಕರುಳಿನ ಕ್ಷಯದ ಸಾಧ್ಯತೆಯನ್ನು ಹೇಳಿದೆ: ಅಡ್ಡಲಾಗಿ ಸುತ್ತುವರಿದ ಹುಣ್ಣುಗಳು, ಸಣ್ಣ ಮತ್ತು ದೊಡ್ಡ ಕರುಳುಗಳ ನಡುವೆ ಬಾಯಿಬಿಟ್ಟಂತೆ ನಿಂತ ಇಲಿಯೋಸೀಕಲ್ ಕವಾಟ ಕ್ಷಯದ ಕಡೆ ಬೆರಳು ಮಾಡುತ್ತವೆ, ಉದ್ದುದ್ದನೆಯ ಹುಣ್ಣು, ಗುದದ ಸುತ್ತಲಿನ ತೊಂದರೆ ಕ್ರೋನ್ಸ್ ಕಡೆಗೆ. ಕ್ಷಯವಿದ್ದು, ಕ್ರೋನ್ಸ್‌ಗೆ ಕೊಡುವ, ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟೀರಾಯ್ಡ್ ಅಥವಾ ಇನ್‌ಫ್ಲಿಕ್ಸಿಮ್ಯಾಬ್ ಔಷಧ ಕೊಟ್ಟರೆ ಸೋಂಕು ಮೈಯೆಲ್ಲ ಹರಡಬಹುದು. ನಮ್ಮ ವಾರ್ಡುಗಳಲ್ಲಿ ಪ್ರತಿ ಬ್ಯಾಚಿನ ವಿದ್ಯಾರ್ಥಿಯೂ ಕಲಿಯುವ ಮಾತು ಇದು. ಅಟೆಂಡಿಂಗ್ ಇನ್ನಷ್ಟು ಬಯಾಪ್ಸಿ ಮಾದರಿಗಳನ್ನು ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಕಳಿಸಲು ಹೇಳಿದರು. ಮರುದಿನ ಈ ವಿಷಯದ ಮೇಲೆ ಹತ್ತು ನಿಮಿಷ ಮಾತನಾಡಲು ನನ್ನನ್ನೇ ಕೇಳಿದರು.

ಶಿಫಾರಸು ಪತ್ರ ಕೇಳಿದ್ದು ಆ ಮಾತು ಮುಗಿದ ವಾರದಲ್ಲಿ. ರೆಸಿಡೆನ್ಸಿ ಅರ್ಜಿಯಲ್ಲಿ ಒಂದು ಕಾರ್ಯಕ್ರಮಕ್ಕೆ ಗರಿಷ್ಠ 4 ಪತ್ರಗಳನ್ನು ಸೇರಿಸಬಹುದು, ಅವುಗಳನ್ನು ಬರೆದವರೇ ಇರಾಸ್ (ರೆಸಿಡೆನ್ಸಿಗೆ ಅರ್ಜಿ ಸಲ್ಲಿಸುವ ಆನ್‌ಲೈನ್ ವ್ಯವಸ್ಥೆ) ಪೋರ್ಟಲಿಗೆ ಏರಿಸುತ್ತಾರೆ. ಊರಿಗೆ ಮರಳಿದ ಮೇಲೆ ಇ-ಮೇಲ್ ಮೂಲಕ ಕೇಳುವುದಕ್ಕಿಂತ ಎದುರಿಗೇ ಕೇಳುವುದು ಮೇಲು. ತಾನು ಚರ್ಚಿಸಿದ ಕೇಸುಗಳ ಒಂದು ಪುಟದ ಪಟ್ಟಿಯನ್ನೂ ಪತ್ರ ಏರಿಸುವ ನಮೂನೆಯನ್ನೂ ಅವರ ಕೈಗೇ ಕೊಟ್ಟು ಬರಬೇಕು. ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಟ್ಟಿದ್ದರಿಂದ ಅದರಲ್ಲಿ ಏನಿತ್ತೆಂದು ನಾನು ಓದಿಲ್ಲ, ಆದರೆ ಮೆಡಿಸಿನ್ ರೆಸಿಡೆನ್ಸಿಯ ಸಂದರ್ಶನಗಳಲ್ಲಿ ಕರುಳಿನ ಕ್ಷಯದ ಬಗ್ಗೆ ನನ್ನನ್ನು ಮತ್ತೆ ಮತ್ತೆ ಕೇಳಿದರು.