ಕೊಡದ ಲೆಕ್ಕ, ಲೀಟರಿನ ಲೆಕ್ಕ

ನಮ್ಮ ಮನೆ ಇರುವುದು ವಿಜಯಪುರದಲ್ಲಿ. ನಳಕ್ಕೆ ದಿನಾ ನೀರು ಬರುವುದಿಲ್ಲ. ಬಂದ ದಿನ ಬೇರೆ ಕೆಲಸ ಆಗುವುದಿಲ್ಲ. ಹೀಗಿದ್ದೂ ನೀರು ಪೋಲು ಮಾಡುತ್ತಿದ್ದೆವು. ಅದು ತಿಳಿದದ್ದು ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ, ಬೋರು ಕೈಕೊಟ್ಟು ಟ್ಯಾಂಕರ್ ತರಿಸಿದಾಗ. ದುಡ್ಡು ಕೊಟ್ಟು ತುಂಬಿಸಿದ ಸಂಪು ನಾಲ್ಕೇ ದಿನಕ್ಕೆ ಬರಿದಾಯಿತು. ಎಲ್ಲಿ ಹೋಗುತ್ತೆ ಇಷ್ಟೊಂದು ನೀರು?

ಒಂದು ವಾರ ಅಳೆದು ನೋಟ್‌ಬುಕ್ಕಿನಲ್ಲಿ ಬರೆದೆ. ನಮ್ಮ ಅತ್ತೆ ಹುಡುಗಿಯಾಗಿದ್ದಾಗ ತಾಜ್ ಬಾವಡಿಯಿಂದ ಕೊಡ ಹೊತ್ತವರು. 1620ರಲ್ಲಿ ಆದಿಲ್‌ಶಾಹಿಗಳ ಕಾಲಕ್ಕೆ ಕಟ್ಟಿದ ಆ ಬಾವಿಯ ಮೆಟ್ಟಿಲು ಅವರ ಮೊಣಕಾಲಿಗೆ ಈಗಲೂ ನೆನಪಿದೆಯಂತೆ. "ಲೀಟರ್ ಗೀಟರ್ ನನಗ ತಿಳಿಯಂಗಿಲ್ಲವಾ, ಕೊಡ ಎಷ್ಟ ಆತು ಹೇಳು" ಅಂದರು. ಅದಕ್ಕೇ ಪುಸ್ತಕದಲ್ಲಿ ಎರಡು ಕಲಂ: ಒಂದು ಲೀಟರಿಗೆ, ಒಂದು ಕೊಡಕ್ಕೆ.

ಬಚ್ಚಲಿನ ನಳ ತೊಟ್ಟಿಕ್ಕುತ್ತಿತ್ತು. ರಾತ್ರಿ ಹತ್ತಕ್ಕೆ ಕೆಳಗೆ ಬಕೆಟ್ ಇಟ್ಟೆ. ಬೆಳಗ್ಗೆ ಆರಕ್ಕೆ ಐದು ಲೀಟರ್ ಇತ್ತು. ಒಂದು ವಾಶರ್ ಬದಲಿಸಿದ್ದಕ್ಕೆ ನಿಂತುಹೋಯಿತು. ಅಷ್ಟಕ್ಕೆ ಒಂದು ವರ್ಷ ಕಾದಿದ್ದೆವು, ನಾಚಿಕೆ ಅನಿಸಿತು.

ಎದೆ ಧಸಕ್ಕೆಂದಿದ್ದು ಮಾತ್ರ ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರದ ಮುಂದೆ. ಹತ್ತು ಲೀಟರ್ ಕುಡಿಯುವ ನೀರು ತುಂಬುವಷ್ಟರಲ್ಲಿ ಹಿಂದಿನ ಸಣ್ಣ ಪೈಪಿನಿಂದ ಇಪ್ಪತ್ತಾರು ಲೀಟರ್ ಚರಂಡಿಗೆ ಹೋಗಿತ್ತು. ಕೊಡದ ಲೆಕ್ಕ ಕೇಳಿ ಅತ್ತೆ ಬಾಯಿ ಮೇಲೆ ಕೈಯಿಟ್ಟರು.

ಆ ನೀರನ್ನು ಗಿಡಕ್ಕೆ ಹಾಕೋಣ ಅಂತ ಜಾಣತನ ಮಾಡಿದೆ. ಅಲ್ಲೇ ಎಡವಿದ್ದು. ಎರಡು ತಿಂಗಳಲ್ಲಿ ಕರಿಬೇವಿನ ಎಲೆಯ ಅಂಚು ಸುಟ್ಟಂತೆ ಕಂದಾಯಿತು, ಕುಂಡದ ಮಣ್ಣಿನ ಮೇಲೆ ಬಿಳಿ ಪುಡಿ ಕಾಣಿಸಿತು. ಆರ್‌ಒ ಯಂತ್ರ ನೀರಿನಿಂದ ಉಪ್ಪು ತೆಗೆಯುತ್ತದೆ, ಆ ಉಪ್ಪೆಲ್ಲ ಹೊರಬೀಳುವ ನೀರಿನಲ್ಲೇ ಇರುತ್ತದೆ. ನಮ್ಮ ಕರಿ ಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ, ಉಪ್ಪು ಅಲ್ಲೇ ಕೂರುತ್ತದೆ. ಗಿಡ ಉಳಿಯಲಿಲ್ಲ. ಈಗ ಆ ನೀರು ನೆಲ ಒರೆಸಲು, ಪಾಯಿಖಾನೆಗೆ. ಕುಂಡಕ್ಕೆ ಅಕ್ಕಿ, ಬೇಳೆ ತೊಳೆದ ನೀರು.

ಆಮೇಲೆ ಇನ್ನೊಂದು ಪ್ರಶ್ನೆ ಬಂತು. ಆರ್‌ಒ ನಮಗೆ ಬೇಕೇ ಬೇಕಾ? ನೀರಿನಲ್ಲಿ ಕರಗಿದ ಲವಣ ಅಳೆಯುವ ಒಂದು ಟಿಡಿಎಸ್ ಮೀಟರ್ ತರಿಸಿದೆ. ಬೋರಿನ ನೀರು ಲೀಟರಿಗೆ 1,350 ಮಿಲಿಗ್ರಾಂ ತೋರಿಸಿತು. ನಳದ ನೀರು, ಅಂದರೆ ಕೃಷ್ಣೆಯ ನೀರು, 300ರ ಒಳಗೇ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ 500ರವರೆಗೆ ಸರಿ ಅಂತಿದೆ. ಅಂದರೆ ನಳ ಬಂದ ದಿನವೂ ಸಿಹಿನೀರನ್ನೇ ಯಂತ್ರಕ್ಕೆ ಹಾಕಿ ಸುಮಾರು ಮುಕ್ಕಾಲು ಚೆಲ್ಲುತ್ತಿದ್ದೆವು! ಹಾಗಂತ ಮೀಟರ್ ನಂಬಿ ಸೀದಾ ಕುಡಿಯಬೇಡಿ. ಅದು ಕರಗಿದ ಲವಣದ ಅಂದಾಜು ಹೇಳುತ್ತದೆ ಅಷ್ಟೇ. ಕ್ರಿಮಿ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ, ಫ್ಲೋರೈಡ್ ಎಷ್ಟಿದೆ ಅಂತಲೂ ಹೇಳುವುದಿಲ್ಲ. ನಾವು ನಳದ ನೀರು ಸೋಸಿ, ಕುದಿಸಿ, ಮಣ್ಣಿನ ಹರವಿಗೆ ಹಾಕುತ್ತೇವೆ. ಬೋರಿನ ನೀರೇ ಗತಿ ಅನ್ನುವ ದಿನ ಮಾತ್ರ ಆರ್‌ಒ. ಕುದಿಸಲು ಗ್ಯಾಸ್ ಖರ್ಚಾಗುತ್ತದೆ, ಅದೂ ನಿಜ. ನಮ್ಮೂರಲ್ಲಿ ನೀರೇ ದೊಡ್ಡದು ಅಂತ ನಾನು ತೀರ್ಮಾನ ಮಾಡಿದೆ.

ಅಡುಗೆಮನೆ ಕಸದಿಂದ ಗೊಬ್ಬರ ಮಾಡುವುದರಲ್ಲಿ ಎರಡು ಸಲ ಸೋತೆ. ಮೊದಲ ಸಲ ಉಳಿದ ಸಾರನ್ನೂ ಸುರಿದೆ. ವಾರದಲ್ಲಿ ಹುಳ, ವಾಸನೆ. ಪಕ್ಕದ ಮನೆಯ ವೈನಿ ಏನೂ ಅನ್ನಲಿಲ್ಲ, ಆದರೆ ಆ ಕಡೆಯ ಕಿಟಕಿ ಮುಚ್ಚಿಕೊಂಡಿತು. ಆಮೇಲೆ ಒಂದು ಪಾಲು ಸಿಪ್ಪೆಗೆ ಎರಡು ಪಾಲು ಒಣ ಎಲೆ ಹಾಕತೊಡಗಿದೆ. ನಮ್ಮ ಓಣಿಯಲ್ಲಿ ಬೇವಿನ ಎಲೆಗೇನು ಬರ? ವಾಸನೆ ಹೋಯಿತು. ಬೇಸಿಗೆ ಬಂದಾಗ ಗೊಬ್ಬರದ ಮಡಕೆ ತುಂಬ ಇರುವೆ. ಅದು ಒಣಗಿದೆ ಅನ್ನುವ ಗುರುತು. ಗೊಬ್ಬರದ ಪುಸ್ತಕದಲ್ಲಿ ಹೇಳಿದಷ್ಟು ತೇವ ಈ ಬಿಸಿಗಾಳಿಗೆ ಎಲ್ಲಿ ಸಾಲುತ್ತದೆ? ಎರಡು ದಿನಕ್ಕೊಮ್ಮೆ ಮಜ್ಜಿಗೆ ಪಾತ್ರೆ ತೊಳೆದ ನೀರು ಚಿಮುಕಿಸಿದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಎರಡು ತಿಂಗಳಿಗೆ ಮಣ್ಣಿನ ವಾಸನೆ ಬಂತು.

ಪ್ಲಾಸ್ಟಿಕ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ ನಿಷೇಧ ಇದ್ದರೂ ಮನೆಯ ಕಾರ್ಯಕ್ರಮಕ್ಕೆ ಯಾರೋ ತಂದುಬಿಡುತ್ತಾರೆ. ನಾವು ನಲವತ್ತು ಸ್ಟೀಲ್ ತಾಟು ಕೊಂಡೆವು, ಓಣಿಯವರೂ ಒಯ್ಯುತ್ತಾರೆ. ತೊಳೆಯಲು ನೀರು ಬೇಕಲ್ಲ ಅಂತ ಅತ್ತೆ ನೋಟ್‌ಬುಕ್ ತೋರಿಸಿದರು. ಈಗ ಮೊದಲು ಬೂದಿ ಹಚ್ಚಿ ಒರೆಸಿ, ಆಮೇಲೆ ಎರಡು ಬಕೆಟ್ ನೀರಿನಲ್ಲಿ ಅದ್ದಿ ತೆಗೆಯುತ್ತೇವೆ.

ಹಳೇ ಸೀರೆಗಳನ್ನು ಕೌದಿಗೆ ಕೊಡೋಣ ಅಂತ ಗಂಟು ಕಟ್ಟಿಟ್ಟಿದ್ದೆ. ಹೊಲಿಯುವ ಅಕ್ಕ ಒಂದೊಂದಾಗಿ ಮುಟ್ಟಿ ನೋಡಿದರು. ಹತ್ತಿಯವು ನಾಲ್ಕು ಒಂದು ಕಡೆ, ಉಳಿದ ಒಂಬತ್ತು ಇನ್ನೊಂದು ಕಡೆ. "ಇವು ಬೆವರು ಹೀರಂಗಿಲ್ರಿ, ಸೂಜಿನೂ ಜಾರತದ" ಅಂದರು. ಒಂಬತ್ತೂ ನಾನೇ ಆಸೆಪಟ್ಟು ಕೊಂಡ ಸಿಂಥೆಟಿಕ್ ಸೀರೆಗಳು. ಎರಡರಲ್ಲಿ ಸಂತೆಗೆ ಒಯ್ಯುವ ಕೈಚೀಲ ಹೊಲಿಸಿದೆ. ಏಳು ಇನ್ನೂ ಟ್ರಂಕಿನಲ್ಲಿವೆ.