ಓದಿನ ಜೊತೆ: ಕೊಡಗಿನ ಚರ್ಚ್ ಶಾಲೆಯೊಂದರಲ್ಲಿ ನನ್ನ ಅನುಭವ

ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವೆ ಇರುವ ನಮ್ಮ ಕಥೋಲಿಕ ಪ್ರಾಥಮಿಕ ಶಾಲೆ ಅನುದಾನಿತ ಕನ್ನಡ ಮಾಧ್ಯಮ ಶಾಲೆ. ಬಹುಕಾಲದಿಂದ ನಾನು ಇಲ್ಲಿ ಒಂದನೆಯ ಮತ್ತು ಎರಡನೆಯ ತರಗತಿಗಳಿಗೆ ಪಾಠ ಮಾಡುತ್ತಿದ್ದೇನೆ. ಇಲ್ಲಿಗೆ ಬರುವ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಆಡುವವರು ಕಡಿಮೆ. ಕೊಡವ ತಕ್ಕ್, ಮಲಯಾಳಂ, ತಮಿಳು, ತುಳು, ಕೊಂಕಣಿ, ಅರೆಭಾಷೆ, ಎರವರ ಮಾತು, ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಕುಟುಂಬಗಳ ಮಾತು, ಇವೆಲ್ಲವೂ ಒಂದೇ ಕೊಠಡಿಯಲ್ಲಿ ಕೇಳಿಬರುತ್ತವೆ. ಸಾಧ್ಯವಿದ್ದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಬೋಧನೆ ನಡೆಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಒಬ್ಬ ಶಿಕ್ಷಕಿ ಇಷ್ಟೊಂದು ಮಾತುಗಳಲ್ಲಿ ಕಲಿಸುವುದು ಆಗದ ಕೆಲಸ. ಆದರೆ ಆ ಮಾತುಗಳನ್ನು ಬಲ್ಲವರು ನಮ್ಮ ಶಾಲೆಯಲ್ಲೇ, ನಾಲ್ಕನೆಯ ಮತ್ತು ಐದನೆಯ ತರಗತಿಗಳ ಬೆಂಚುಗಳ ಮೇಲೆ ಕುಳಿತಿದ್ದರು. ಅವರನ್ನು ಚಿಕ್ಕ ಮಕ್ಕಳ ಕಲಿಕೆಗೆ ಸೇರಿಸಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದನೆಯ ತರಗತಿಗೆ ಸೇರಿದ ಪ್ರತಿ ಮಗುವಿಗೂ ಅದೇ ಮನೆಮಾತಿನ ಒಬ್ಬ ದೊಡ್ಡ ವಿದ್ಯಾರ್ಥಿಯನ್ನು ಜೊತೆ ಮಾಡುತ್ತೇವೆ. ಮಕ್ಕಳು ಇದನ್ನು 'ಓದಿನ ಜೊತೆ' ಎಂದೇ ಕರೆಯುತ್ತಾರೆ. ಜೊತೆ ಆರಿಸುವಾಗ ನಾನು ಅಂಕಗಳನ್ನು ನೋಡುವುದಿಲ್ಲ. ತರಗತಿಗೆ ಮೊದಲಿಗನಾದ ಹುಡುಗನಿಗೆ ಚಿಕ್ಕವನು ತಡವರಿಸುವುದು ಅರ್ಥವಾಗುವುದಿಲ್ಲ. ಎರಡು ವರ್ಷದ ಹಿಂದೆ ತಾನೇ ಅಲ್ಲಿ ತಡವರಿಸಿ ದಾಟಿದವನಿಗೆ ಅದು ಎಲ್ಲಿ, ಏಕೆ ಎಂಬುದು ತಟ್ಟನೆ ತಿಳಿಯುತ್ತದೆ. ತಮಿಳು ಆಡುವ ಮನೆಯ ಮಗು ಪದದ ಮೊದಲ 'ಗ'ಕಾರವನ್ನು 'ಕ'ಕಾರವಾಗಿ ಉಚ್ಚರಿಸಿದಾಗ, ಅದೇ ಲೈನ್ ಮನೆಯಿಂದ (ತೋಟದ ಕೆಲಸಗಾರರ ಸಾಲುಮನೆ) ಬರುವ ಐದನೆಯ ತರಗತಿಯ ಹುಡುಗಿ ಅವನ ಕೈಯನ್ನು ತನ್ನ ಗಂಟಲಿನ ಮೇಲೆ ಇರಿಸಿಕೊಂಡು ಎರಡು ಧ್ವನಿಗಳ ವ್ಯತ್ಯಾಸವನ್ನು ತೋರಿಸಿಕೊಟ್ಟದ್ದನ್ನು ನಾನು ಕಂಡೆ. ತರಬೇತಿಗಳಲ್ಲಿ ನನಗೆ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ನಾನೂ ಹಾಗೆಯೇ ಮಾಡಿಸುತ್ತೇನೆ. ಜೊತೆ ಆರಿಸುವಾಗ ನೋಡುವ ಇನ್ನೊಂದು ಸಂಗತಿ ದಾರಿ. ತೋಟದ ದಾರಿಗಳಲ್ಲಿ ಆನೆಗಳ ಓಡಾಟ ಇರುವುದರಿಂದ ಮಕ್ಕಳು ಹೇಗಿದ್ದರೂ ಗುಂಪಾಗಿಯೇ ನಡೆದು ಬರಬೇಕು. ಜೊತೆಯವರು ಒಂದೇ ದಾರಿಯವರಾದರೆ ಚಿಕ್ಕ ಮಗುವನ್ನು ಮನೆ ಮುಟ್ಟಿಸುವ ಚಿಂತೆಯೂ ಕಡಿಮೆಯಾಗುತ್ತದೆ.

ಅಕ್ಷರಗಳನ್ನು ಕಲಿಸುವ ಕ್ರಮದಲ್ಲಿ ನಾನು ನಲಿಕಲಿಯನ್ನು ಅನುಸರಿಸುತ್ತೇನೆ. ನಮ್ಮ ಜಿಲ್ಲೆಗೆ ತಾಗಿಕೊಂಡಿರುವ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶಿಕ್ಷಕರೇ ಮುಂದಾಗಿ ರೂಪಿಸಿದ ಆ ಪದ್ಧತಿಯಲ್ಲಿ ವರ್ಣಮಾಲೆಯ ಸಾಲು ಬಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಆರಂಭಿಸುತ್ತಾರೆ. ಅಷ್ಟರಿಂದಲೇ ಸರ, ಅರಸ, ಗರಗಸ ಎಂಬ ಪದಗಳನ್ನು ಮಗು ಓದಬಲ್ಲದು. ಆದರೆ 'ಅರಸ' ಎಂದು ಓದಿದ ಮಗುವಿಗೆ ಅರಸ ಎಂದರೆ ಯಾರೆಂದು ತಿಳಿಯದಿದ್ದರೆ ಆ ಓದು ಬಾಯಿಪಾಠವಾಗಿಯೇ ಉಳಿಯುತ್ತದೆ. ಅದನ್ನು ಮನೆಮಾತಿನಲ್ಲಿ ಹೇಳಿಕೊಡುವುದು ಜೊತೆಯವರ ಮೊದಲ ಕೆಲಸ.

ಎರಡನೆಯ ಕೆಲಸ ಇದಕ್ಕಿಂತ ದೊಡ್ಡದು. ಮಧ್ಯಾಹ್ನದ ಊಟ ಮುಗಿದ ಮೇಲೆ ತಟ್ಟೆ ತೊಳೆದು ಬಂದ ಮಕ್ಕಳು ವರಾಂಡದಲ್ಲಿ ಜೊತೆಜೊತೆಯಾಗಿ ಕೂರುತ್ತಾರೆ. ಚಿಕ್ಕ ಮಗು ಅಂದು ತನಗೆ ಹೇಳಬೇಕೆನಿಸಿದ್ದನ್ನು ತನ್ನ ಮಾತಿನಲ್ಲೇ ಹೇಳುತ್ತದೆ. ದೊಡ್ಡ ವಿದ್ಯಾರ್ಥಿ ಅದನ್ನು ಕನ್ನಡಕ್ಕೆ ತಂದು, ಸಾಲಿಗೆ ಮೂರು ನಾಲ್ಕು ಪದಗಳಂತೆ, ಕೆಲವೇ ಸಾಲುಗಳಲ್ಲಿ ಬರೆಯುತ್ತಾನೆ. ಸಂಜೆ ನಾನು ಕಾಗುಣಿತ ನೋಡಿ, ತಿದ್ದಬೇಕಾದುದನ್ನು ಬೇರೆ ಚೀಟಿಯಲ್ಲಿ ಬರೆದು ಆ ದೊಡ್ಡ ವಿದ್ಯಾರ್ಥಿಗೆ ಕೊಡುತ್ತೇನೆ. ಅವನು ತಿದ್ದಿ ಬರೆದ ಹಾಳೆಯೇ ಮರುದಿನ ಆ ಮಗುವಿನ ಪಾಠ. 'ನಮ್ಮ ಹಸು ಕರು ಹಾಕಿತು', 'ಅಪ್ಪ ಮರ ಹತ್ತಿ ಕಾಳುಮೆಣಸು ಕೊಯ್ದರು' ಎಂಬಂತಹ ಸಾಲುಗಳನ್ನು ಮಗು ಬೇಸರವಿಲ್ಲದೆ ಮತ್ತೆ ಮತ್ತೆ ಓದುತ್ತದೆ, ಏಕೆಂದರೆ ಅದು ತಾನೇ ಹೇಳಿದ ಮಾತು. ಹಾಳೆಗಳನ್ನು ಹೊಲಿದು ಪುಸ್ತಕ ಮಾಡುತ್ತೇವೆ. ಈ ಕ್ರಮದಿಂದ ಅತಿ ಹೆಚ್ಚು ಲಾಭ ಪಡೆದವರು ಬಹುಶಃ ದೊಡ್ಡ ಮಕ್ಕಳೇ. ಒತ್ತಕ್ಷರ ಕಂಡರೆ ಹೆದರುತ್ತಿದ್ದ ಐದನೆಯ ತರಗತಿಯ ಹುಡುಗ, ಮರುದಿನ ತನ್ನ ಜೊತೆಯವನ ಮುಂದೆ ತಪ್ಪಿಲ್ಲದೆ ಓದಬೇಕೆಂದು ಹಿಂದಿನ ಸಂಜೆಯೇ ಕುಳಿತು ಅಭ್ಯಾಸ ಮಾಡುತ್ತಾನೆ.

ಇದು ಚರ್ಚಿನ ಶಾಲೆಯಾದುದರಿಂದ ಇತರ ಮತಗಳ ಪೋಷಕರಿಗೆ ಪ್ರಾರ್ಥನೆಯ ಬಗ್ಗೆ ಪ್ರಶ್ನೆಗಳಿರುವುದು ಸಹಜ, ಅವನ್ನು ಸ್ಪಷ್ಟವಾಗಿ ಉತ್ತರಿಸುವುದು ನಮ್ಮ ಕರ್ತವ್ಯ. ಸರ್ಕಾರದ ಅನುದಾನ ಪಡೆಯುವ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲವೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಕಥೋಲಿಕ ಮಕ್ಕಳು ಧರ್ಮೋಪದೇಶದ ತರಗತಿಗೆ ಹೋದಾಗ ಉಳಿದವರಿಗೆ ಮೌಲ್ಯ ಶಿಕ್ಷಣ ನಡೆಯುತ್ತದೆ. ನನ್ನ ದೃಷ್ಟಿಯಲ್ಲಿ ಈ ಶಾಲೆಯ ಕಥೋಲಿಕತನ ಹೆಚ್ಚು ಸ್ಪಷ್ಟವಾಗಿ ಕಾಣುವುದು ತಪಸ್ಸು ಕಾಲದಲ್ಲಿ. ಈಸ್ಟರ್‌ಗೆ ಮುಂಚಿನ ಆ ನಲವತ್ತು ದಿನಗಳಲ್ಲಿ ಮಿಠಾಯಿಗೆ ಖರ್ಚು ಮಾಡುವುದನ್ನು ಬಿಟ್ಟು ಉಳಿಸಿದ ಚಿಲ್ಲರೆಯನ್ನು ಮಕ್ಕಳು ಡಬ್ಬಿಗೆ ಹಾಕುತ್ತಾರೆ. ಇತರ ಮತದ ಮಕ್ಕಳೂ ಇಷ್ಟಪಟ್ಟು ಹಾಕುತ್ತಾರೆ. ಆ ಹಣಕ್ಕೆ ಚರ್ಚಿನವರು ತಮ್ಮ ಪಾಲು ಸೇರಿಸುತ್ತಾರೆ, ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಎಲ್ಲ ಮಕ್ಕಳಿಗೂ ರೈನ್‌ಕೋಟ್ ಬರುತ್ತದೆ. ಬಡವರಿಗೆ ಮಾತ್ರ ಕೊಡೋಣವೆಂಬ ಸಲಹೆ ಬಂದಾಗ ನಮ್ಮ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಒಪ್ಪಲಿಲ್ಲ. ಆ ನಿರ್ಧಾರ ಸರಿಯೆಂದು ನಾನು ದೃಢವಾಗಿ ನಂಬುತ್ತೇನೆ, ಏಕೆಂದರೆ ಆರು ವರ್ಷದ ಮಗು ತನ್ನ ಬಡತನವನ್ನು ಮೈಮೇಲೆ ತೊಟ್ಟುಕೊಂಡು ಶಾಲೆಗೆ ಬರಬಾರದು. ಕೊಡಗಿನ ಮುಂಗಾರಿನಲ್ಲಿ ರೈನ್‌ಕೋಟ್ ಇಲ್ಲದ ಮಗು ವಾರಗಟ್ಟಲೆ ಮನೆಯಲ್ಲೇ ಉಳಿದುಬಿಡುತ್ತದೆ ಎಂಬುದು ಹಾಜರಿ ಪುಸ್ತಕ ನೋಡಿದವರಿಗೆಲ್ಲ ಗೊತ್ತು.

ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನ್ಮದಿನವನ್ನು ಮಂಗಳೂರು ಕಡೆಯ ಕಥೋಲಿಕರು ತೆನೆ ಹಬ್ಬವಾಗಿ ಆಚರಿಸುತ್ತಾರೆ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಒಂದು ವರ್ಷ ಫಾದರ್ ಆಶೀರ್ವದಿಸಿದ ತೆನೆಯನ್ನು ತರಗತಿಗೆ ತಂದು ತೋರಿಸಿದಾಗ ಗದ್ದೆ ಬೇಸಾಯದ ಮನೆಯ ಹುಡುಗನೊಬ್ಬ, 'ಟೀಚರ್, ನಮ್ಮ ಗದ್ದೆಯಲ್ಲಿ ಈಗಷ್ಟೇ ನಾಟಿ ಮುಗಿದಿದೆ, ಇದು ಎಲ್ಲಿಂದ ಬಂತು?' ಎಂದು ಕೇಳಿದ. ಕರಾವಳಿಯಿಂದ ತರಿಸಿದ್ದೆಂದು ಹೇಳಿದೆ. ಆ ಪ್ರಶ್ನೆಯಿಂದ ಹೊರಟ ಪಾಠ ತಿಂಗಳುಗಟ್ಟಲೆ ನಡೆಯಿತು. ಕರಾವಳಿಯಲ್ಲಿ ಬೆಳೆ ಮೊದಲು ಬರುವುದೇಕೆ, ನಮ್ಮಲ್ಲಿ ಕದಿರು ತೆಗೆಯಲು ಕೊಡವರ ಸುಗ್ಗಿ ಹಬ್ಬವಾದ ಪುತ್ತರಿಯವರೆಗೆ ಕಾಯುವುದೇಕೆ ಎಂಬುದನ್ನು ಮಕ್ಕಳು ಮನೆಗಳಲ್ಲಿ ಕೇಳಿ ಬಂದು ಬರೆದರು. ಆ ಹುಡುಗನ ಅಜ್ಜ ಶಾಲೆಗೆ ಬಂದು, ಹುಣ್ಣಿಮೆಯ ಆಸುಪಾಸಿನ ರಾತ್ರಿ ಗದ್ದೆಗೆ ಹೋಗಿ, ಗುಂಡು ಹಾರಿಸಿ, 'ಪೊಲಿ ಪೊಲಿ ದೇವಾ' ಎನ್ನುತ್ತ ಕದಿರು ತರುವ ಬಗೆಯನ್ನು ಕೊಡವ ತಕ್ಕಿನಲ್ಲೇ ವಿವರಿಸಿದರು. ಕೊಡವ ಮಕ್ಕಳು ಉಳಿದವರಿಗೆ ಅದನ್ನು ಕನ್ನಡದಲ್ಲಿ ಹೇಳಿದರು. ಎರಡು ಹಬ್ಬಗಳ ಪುಸ್ತಕ ಇಂದಿಗೂ ನಮ್ಮ ಗ್ರಂಥಾಲಯದ ಕಪಾಟಿನಲ್ಲಿದೆ, ಪುಟಗಳು ಜೀರ್ಣವಾಗುವಷ್ಟು ಓದಿಸಿಕೊಂಡಿದೆ.

ಅಸ್ಸಾಮಿನಿಂದ ಬಂದ ಮೊದಲ ಮಗುವಿಗೆ ಅದೇ ಮಾತಿನ ಜೊತೆ ಸಿಗಲಿಲ್ಲ. ಅವಳ ಪಕ್ಕದ ಲೈನ್ ಮನೆಯ ಮಲಯಾಳಿ ಹುಡುಗಿ ತಾನಾಗಿಯೇ ಮುಂದೆ ಬಂದಳು, ಇಬ್ಬರೂ ಚಿತ್ರ ಬರೆದು ಹೆಸರು ಹೇಳಿಕೊಂಡು ಸಾಗಿದರು. ಆ ದಿನಗಳಲ್ಲಿ ನಾನು ಮೇಲಿನ ತರಗತಿಯ ಮಕ್ಕಳಿಗೆ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಇತಿಹಾಸ ಹೇಳಿದೆ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಿಂದ ತಪ್ಪಿಸಿಕೊಂಡು ಬಂದ ಕಥೋಲಿಕ ಕುಟುಂಬಗಳಿಗೆ ದೊಡ್ಡವೀರರಾಜೇಂದ್ರ ಅರಸರು ಆಶ್ರಯ ಕೊಟ್ಟುದರಿಂದಲೇ 1792ರಲ್ಲಿ ಅಲ್ಲಿ ಚರ್ಚು ಆರಂಭವಾಯಿತು. ಹೊರಗಿನಿಂದ ಬಂದವರಿಗೆ ಜಾಗ ಕೊಟ್ಟ ನಾಡಿನಲ್ಲಿ ತಾವೂ ಬದುಕುತ್ತಿದ್ದೇವೆಂದು ತಿಳಿದ ಮೇಲೆ ಆ ಹೊಸ ಹುಡುಗಿಯನ್ನು ಆಟಕ್ಕೆ ಕರೆಯಲು ಯಾರಿಗೂ ಹೇಳಬೇಕಾಗಲಿಲ್ಲ.

ಪೋಷಕರ ಸಭೆಯನ್ನು ಸಂತೆಯ ದಿನಕ್ಕೆ ಬದಲಾಯಿಸಿದೆವು, ಏಕೆಂದರೆ ತೋಟದ ಕೆಲಸಕ್ಕೆ ಅಂದೇ ರಜೆ. ಬರಲಾಗದವರ ಲೈನ್ ಮನೆಗಳಿಗೆ ನಾವೇ ಹೋಗುತ್ತೇವೆ. 'ನಂಗೆ ಓದು ಬರಲ್ಲ ಟೀಚರ್, ಅವಳು ಓದಿದ್ದು ಸರಿಯೋ ತಪ್ಪೋ ಹೇಗೆ ಹೇಳ್ಲಿ?' ಎಂದು ಒಬ್ಬ ತಾಯಿ ಕೇಳಿದರು. 'ತಡವರಿಸದೆ ಓದಿದಳಾ ಅಂತ ಮಾತ್ರ ಕೇಳಿಸ್ಕೊಳ್ಳಿ ಅಮ್ಮಾ, ಓದಿದ್ರೆ ಪುಟದ ಕೆಳಗೆ ಒಂದು ಗೆರೆ ಹಾಕಿ' ಎಂದೆ. ಆ ಮಗುವಿನ ಹೊಲಿದ ಪುಸ್ತಕದ ಪ್ರತಿ ಪುಟದಲ್ಲೂ ಈಗ ಗೆರೆಗಳಿವೆ.

ಬಗೆಹರಿಯದೆ ಉಳಿದ ತೊಂದರೆ ಕಾಫಿ ಕೊಯ್ಲಿನದು. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಆರಂಭವಾಗಿ, ರೊಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. ಅಷ್ಟು ಕಾಲವೂ ಹಾಜರಿ ಏರುಪೇರಾಗುತ್ತದೆ, ಕೊಯ್ಲು ಮುಗಿದೊಡನೆ ಕೆಲವು ಕುಟುಂಬಗಳು ಬೇರೆ ತೋಟಕ್ಕೋ ಊರಿಗೋ ಹೊರಟುಬಿಡುತ್ತವೆ. ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್.ಎ.ಟಿ.ಎಸ್.ನ ಸಂಖ್ಯೆಯ ಮೂಲಕ ಮಗುವಿನ ದಾಖಲಾತಿ ಮುಂದಿನ ಶಾಲೆಗೆ ತಲುಪುತ್ತದೆ. ಆದರೆ ಮಗು ಯಾವ ಅಕ್ಷರಗಳವರೆಗೆ ಓದುತ್ತದೆ, ಯಾವ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ ಎಂಬುದು ಆ ದಾಖಲೆಯಲ್ಲಿ ಇರುವುದಿಲ್ಲ. ಆದುದರಿಂದ ಹೊರಡುವ ಮಗುವಿನ ಕೈಗೆ ಅದರ ಹೊಲಿದ ಪುಸ್ತಕವನ್ನೂ ಮುಂದಿನ ಶಿಕ್ಷಕರಿಗೆ ಒಂದು ಪುಟದ ಪತ್ರವನ್ನೂ ಕೊಡುತ್ತೇವೆ. ಪತ್ರದ ಮೇಲರ್ಧವನ್ನು ನಾನು ಬರೆಯುತ್ತೇನೆ, ಕೆಳಗಿನ ಅರ್ಧವನ್ನು ಓದಿನ ಜೊತೆಯವರು ಬರೆಯುತ್ತಾರೆ. ಕೆಲವು ಶಾಲೆಗಳ ಶಿಕ್ಷಕರು ಉತ್ತರಿಸಿದ್ದಾರೆ. ಈ ವರ್ಷದಿಂದ ಸುತ್ತಲಿನ ಸರ್ಕಾರಿ ಶಾಲೆಗಳವರೂ ತಮ್ಮಿಂದ ನಮ್ಮಲ್ಲಿಗೆ ಬರುವ ಮಕ್ಕಳಿಗೆ ಇಂತಹುದೇ ಪತ್ರ ಕೊಡಲು ಒಪ್ಪಿದ್ದಾರೆ, ಅದರ ನಮೂನೆಯನ್ನು ನಾವು ಜೊತೆಯಾಗಿ ಸಿದ್ಧಪಡಿಸುತ್ತಿದ್ದೇವೆ.