ಬೈಕಿನ ಕೀ ಸ್ವಿಚ್ ಕವರ್ ಮುರಿಯದಂತೆ ಬಿಚ್ಚುವ ಬಗೆ

ಕೋನ್ ಸೆಟ್ (ಹ್ಯಾಂಡಲ್ ಸಲೀಸಾಗಿ ತಿರುಗಲು ಇರುವ ಬೇರಿಂಗುಗಳು) ಬದಲಿಸಲು ಫೋರ್ಕಿನ ಮೇಲಿನ ಪ್ಲೇಟ್ ಎತ್ತಬೇಕಾದಾಗ, ಅನೇಕ ಬೈಕುಗಳಲ್ಲಿ ಮೊದಲು ಅಡ್ಡ ಬರುವುದು ಇಗ್ನಿಷನ್ ಸ್ವಿಚ್ಚಿನ ಸುತ್ತಲಿನ ಪ್ಲಾಸ್ಟಿಕ್ ಕವರ್. ಇದೇನು ಮಹಾ ಕೆಲಸವೆಂದು ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿಬಿಡುವವರನ್ನು ಗ್ಯಾರೇಜುಗಳಲ್ಲಿ ನೋಡುತ್ತಲೇ ಇದ್ದೇನೆ. ಒಳಗಿನ ಲಾಕ್, ಅಂದರೆ ಕವರನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಕ್ಕೆ, ಮುರಿದ ಕವರ್ ಮತ್ತೆ ಬಿಗಿಯಾಗಿ ಕೂರುವುದಿಲ್ಲ. ಗುಂಡಿಬಿದ್ದ ರಸ್ತೆಯಲ್ಲಿ ಗಡಗಡ ಸದ್ದು ಮಾಡುವುದಲ್ಲದೆ ಮಳೆನೀರನ್ನೂ ಒಳಗೆ ಬಿಡುತ್ತದೆ.

ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹ್ಯಾಂಡಲ್ ಲಾಕ್ ತೆಗೆದು ನೇರ ಮಾಡಿ, ಕೀ ಹೊರತೆಗೆಯಿರಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಟ್ಯಾಂಕಿನ ಮೇಲೆ ದಪ್ಪ ಬಟ್ಟೆ ಹಾಸಿ.

ಕವರನ್ನು ಮುಟ್ಟುವ ಮೊದಲು ಅದು ಯಾವುದರಿಂದ ನಿಂತಿದೆ ಎಂಬುದನ್ನು ಮೊಬೈಲ್ ಟಾರ್ಚ್ ಹಿಡಿದು ಕೆಳಗಿನಿಂದಲೂ ಹಿಂದಿನಿಂದಲೂ ನೋಡಲೇಬೇಕು. ಆಳವಾದ ತೂತಿನಲ್ಲಿ ಅಡಗಿದ ಒಂದು ಸ್ಕ್ರೂ ಉಳಿದುಹೋದರೂ, ಮುಂದೆ ಹಾಕುವ ಬಲವೆಲ್ಲ ಪ್ಲಾಸ್ಟಿಕ್ಕನ್ನು ಸೀಳುವುದಕ್ಕೇ ಹೋಗುತ್ತದೆ. ಸ್ಕ್ರೂಗಳ ಉದ್ದ ಬೇರೆಬೇರೆ ಇರಬಹುದಾದ್ದರಿಂದ ಯಾವುದು ಎಲ್ಲಿಯದೆಂದು ಗುರುತಿಟ್ಟುಕೊಳ್ಳಿ. ಆಮೇಲೆ ಉಗುರಿನಿಂದ ಸಂದನ್ನು ಸವರುತ್ತಾ ಹೋದರೆ, ಲಾಕ್ ಇರುವ ಕಡೆ ಬಿಗಿಯಾಗಿಯೂ ಇಲ್ಲದ ಕಡೆ ಸ್ವಲ್ಪ ಸಡಿಲವಾಗಿಯೂ ಇರುವುದು ತಿಳಿಯುತ್ತದೆ. ಸಡಿಲವಿದ್ದಲ್ಲಿ ಹಳೆಯ ಎಟಿಎಂ ಕಾರ್ಡ್ ತೂರಿಸಿ, ಲಾಕಿನ ಬಳಿಗೆ ಸರಿಸಿ, ನಿಧಾನವಾಗಿ ಒತ್ತಿ. ಟಕ್ ಎಂದು ಬಿಟ್ಟ ಮೇಲೆ ಕಾರ್ಡನ್ನು ಅಲ್ಲಿಯೇ ಬಿಟ್ಟು ಮುಂದಿನ ಲಾಕಿಗೆ ಇನ್ನೊಂದು ಕಾರ್ಡ್ ಬಳಸಿ. ಇಲ್ಲವಾದರೆ ಮೊದಲನೆಯದು ಮತ್ತೆ ಸಿಕ್ಕಿಕೊಳ್ಳುತ್ತದೆ. ಬಿಸಿಲಿಗೆ ಒಣಗಿ ಗಡುಸಾದ ಕವರಾಗಿದ್ದರೆ, ಬಿಸಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಅದರ ಮೇಲಿಟ್ಟ ನಂತರವೇ ಕೈ ಹಾಕಿ. ಲೋಹದ ಉಪಕರಣವನ್ನು ಈ ಹಂತದಲ್ಲಿ ಹತ್ತಿರಕ್ಕೂ ತರಬಾರದು.

ಕವರ್ ಬಿಟ್ಟುಕೊಂಡಿತೆಂದು ಒಮ್ಮೆಲೇ ಮೇಲಕ್ಕೆಳೆಯಬೇಡಿ. ಎರಡು ಬೆರಳಷ್ಟು ಎತ್ತಿ ಒಳಗೆ ಇಣುಕಿ. ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಇಂಜಿನ್ ಚಾಲೂ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಬೈಕುಗಳಲ್ಲಿ ಕೀ ತೂತಿನ ಸುತ್ತ ಆಂಟೆನಾ ಉಂಗುರವೂ ಅದರ ತೆಳ್ಳನೆಯ ವೈರೂ ಇರುತ್ತವೆ. ವೈರುಗಳನ್ನು ಜೋಡಿಸುವ ಕಪ್ಲರ್ ಬಿಚ್ಚುವಾಗ ಲಾಕನ್ನು ಹೆಬ್ಬೆರಳಿನಿಂದ ಅದುಮಿ ಕಪ್ಲರನ್ನೇ ಹಿಡಿದೆಳೆಯಬೇಕು, ವೈರನ್ನಲ್ಲ.

ಕೋನ್ ಸೆಟ್ ಕೆಲಸಕ್ಕೆ ಸ್ವಿಚ್ಚನ್ನೇ ಪ್ಲೇಟಿನಿಂದ ಕಳಚುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಕಳ್ಳರಿಗೆ ಸಿಗಬಾರದೆಂದು ಹಲವು ಬೈಕುಗಳಲ್ಲಿ ಅದರ ಬೋಲ್ಟುಗಳ ತಲೆಯನ್ನು ಬಿಗಿದ ಮೇಲೆ ತುಂಡಾಗುವಂತೆ ಮಾಡಿರುತ್ತಾರೆ. ಅದನ್ನು ಉಳಿಯಿಂದ ಹೊಡೆಯುವುದಕ್ಕಿಂತ ಕಪ್ಲರ್ ಬಿಚ್ಚಿ ಪ್ಲೇಟಿನೊಂದಿಗೇ ಸ್ವಿಚ್ಚನ್ನು ಎತ್ತಿಡುವುದು ಲೇಸು.

ಮುರಿದ ಲಾಕಿಗೆ ತಕ್ಷಣ ಹಿಡಿಯುವ ಅಂಟು ಹಾಕಿ ಕೂರಿಸುವ ಅಡ್ಡದಾರಿ ಬೇಡವೇ ಬೇಡ. ಮುಂದಿನ ಸಲ ಬಿಚ್ಚುವಾಗ ಅದೇ ಜಾಗದಲ್ಲಿ ಮತ್ತೆ ಮುರಿಯುತ್ತದೆ. ಅಗ್ಗದ ನಕಲಿ ಕವರಿನಲ್ಲಿ ಲಾಕುಗಳು ಬಾಗುವ ಬದಲು ಮುರಿಯುವುದೇ ಹೆಚ್ಚಾದ್ದರಿಂದ ಕಂಪನಿಯದನ್ನೇ ಕೊಳ್ಳಿ.

ಜೋಡಿಸುವಾಗ ವೈರ್ ಮೊದಲಿದ್ದ ದಾರಿಯಲ್ಲೇ ಹೋಗಲಿ. ಬ್ಯಾಟರಿ ಕೊಟ್ಟು, ನ್ಯೂಟ್ರಲ್‌ನಲ್ಲಿ ಇಂಜಿನ್ ಚಾಲೂ ಮಾಡಿ, ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ. ಇಂಜಿನ್ ನಿಂತರೆ ವೈರ್ ಎಲ್ಲೋ ಎಳೆಯುತ್ತಿದೆ ಎಂದರ್ಥ. ಕವರ್ ಬಿಚ್ಚಿ ಅದನ್ನು ಸರಿಪಡಿಸುವವರೆಗೆ ಬೈಕನ್ನು ರಸ್ತೆಗೆ ಇಳಿಸಬೇಡಿ.